ನೀರು, ದೀಪ ಸೇರಿದ ಬಾಡಿಗೆ

ಮದ್ದೂರೆಂದೊಡನೆ ಅನೇಕರಿಗೆ ನೆನಪಾಗುವುದು ವಡೆ. ಆ ಮದ್ದೂರು ಮಂಡ್ಯ ಜಿಲ್ಲೆಯದು. ಅದೇ ಹೆಸರಿನ ಇನ್ನೊಂದು ಊರು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಮೈಸೂರಿನಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಅಲ್ಲಿಂದ ಮುಂದೆ ಬಂಡೀಪುರದ ಕಾಡು. 2009ರಿಂದ ಆ ಕಾಡಿನ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ.

ಈ ಸೀಮೆಯವರ ಪಾಲಿಗೆ ಪಟ್ಟಣವೆಂದರೆ ಮೈಸೂರು. ಮಗಳಿಗೆ ಮಾನಸಗಂಗೋತ್ರಿಯಲ್ಲಿ ಸೀಟು ದೊರೆತರೆ, ಮಗನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸವಾದರೆ, ಅಲ್ಲೊಂದು ಬಾಡಿಗೆ ಮನೆ ಹಿಡಿಯುವ ಯೋಚನೆ ಹುಟ್ಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಇಂಥ ಸಂಸಾರಕ್ಕೆ ಬಾಡಿಗೆಗಿಂತ ಹೆಚ್ಚಿನ ಅಂಜಿಕೆ ಬಾಡಿಗೆಯ ಹಿಂದೆ ಬರುವ ಬಿಲ್ಲುಗಳದು. ಆದುದರಿಂದಲೇ ಮನೆಯೊಡೆಯರು ಆಡುವ ಒಂದು ಮಾತು ಕಿವಿಗೆ ಬಲು ಇಂಪು: “ನೀರು, ಕರೆಂಟು ಎಲ್ಲ ಸೇರಿ ಇಷ್ಟು ಕೊಡಿ, ಸಾಕು.”

ಈ ಪದ್ಧತಿ ಹೊಸದಲ್ಲ. ಬೆಂಗಳೂರು ಮೈಸೂರುಗಳ ಹಳೆಯ ವಠಾರಗಳಲ್ಲಿ ಹಲವು ಮನೆಗಳಿಗೆ ಒಂದೇ ನಲ್ಲಿ, ಒಂದೇ ಬಾವಿಕಟ್ಟೆ. ಬೆಂಗಳೂರಿಗೆ 1905ರಲ್ಲಿ ವಿದ್ಯುದ್ದೀಪ ಬಂದಿತಾದರೂ ವಠಾರದ ಬಿಡಾರಗಳಿಗೆ ಅದು ಬಹುಕಾಲ ಒಂದೆರಡು ಬಲ್ಬುಗಳ ಭಾಗ್ಯವಾಗಿಯೇ ಉಳಿಯಿತು. ಖರ್ಚು ಅಲ್ಪವಾಗಿದ್ದುದರಿಂದ ಎಲ್ಲವನ್ನೂ ಬಾಡಿಗೆಯಲ್ಲಿಯೇ ಸೇರಿಸಿಬಿಡುವುದು ಸುಲಭವಾಗಿತ್ತು. ಇಂದು ಫ್ಯಾನು, ಮಿಕ್ಸಿ, ಗೀಸರು, ಫ್ರಿಜ್ಜು ಇಲ್ಲದ ಮನೆ ಅಪರೂಪ. ಆ ಹಳೆಯ ಮಾತನ್ನು ಈಗ ಲೆಕ್ಕದ ತಕ್ಕಡಿಯಲ್ಲಿಟ್ಟು ತೂಗಬೇಕಾಗಿದೆ.

ಮೊದಲನೆಯ ತೂಕ ವಿದ್ಯುತ್ತಿನದು. ಕರ್ನಾಟಕ ಸರ್ಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮನೆಯ ಹಿಂದಿನ ಬಳಕೆಯ ಸರಾಸರಿಗೆ ಇನ್ನಷ್ಟು ಕೂಡಿಸಿ ಪ್ರತಿ ಮೀಟರಿಗೂ ಒಂದು ಮಿತಿ ಗೊತ್ತುಮಾಡುತ್ತಾರೆ. ಅದರೊಳಗಿದ್ದರೆ ಬಿಲ್ಲು ಸೊನ್ನೆ. ಮಿತಿ ಮೀರಿದರೂ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿಯಷ್ಟಕ್ಕೇ ಹಣ. 200ನ್ನು ದಾಟಿತೋ, ಪೂರ್ತಿ ಬಿಲ್ಲನ್ನೇ ತೆರಬೇಕು.

ಇನ್ನು ಒಂದೇ ಮೀಟರಿನ ಮನೆಯನ್ನು ನೋಡಿ. ಕೆಳಗೆ ಒಡೆಯರು 130 ಯೂನಿಟ್ಟು, ಮಹಡಿಯಲ್ಲಿ ಬಾಡಿಗೆಯವರು 90 ಯೂನಿಟ್ಟು ಉರಿಸುತ್ತಾರೆಂದು ಇಟ್ಟುಕೊಳ್ಳೋಣ. ಕೂಡಿದರೆ 220, ಪೂರ್ತಿ ಬಿಲ್ಲು ತಪ್ಪದು. ಅದರ ಒಂದು ಪಾಲು ಯಾವುದೋ ರೂಪದಲ್ಲಿ ಬಾಡಿಗೆಯೊಳಗೆ ಸೇರಿಯೇ ಸೇರುತ್ತದೆ. ಎರಡು ಮೀಟರುಗಳಿದ್ದಿದ್ದರೆ ಇಬ್ಬರಿಗೂ ಸೊನ್ನೆ ಬಿಲ್ಲು ಬರುವ ಸಾಧ್ಯತೆಯಿತ್ತು. ಒಡೆಯರೇ ಗೋಡೆಗೆ ಹಾಕಿಸಿದ ಸಬ್ ಮೀಟರು ಇಲ್ಲಿ ಲೆಕ್ಕಕ್ಕೆ ಬಾರದು. ವಿದ್ಯುತ್ ನಿಗಮದ ಪ್ರತ್ಯೇಕ ಆರ್.ಆರ್. ನಂಬರು ಇರಬೇಕು.

ಎಲ್ಲ ಸೇರಿ 9,000 ರೂಪಾಯಿಯ ಮನೆಯೊಂದು, 8,000 ಬಾಡಿಗೆಯೂ 200 ನೀರಿನ ಹಣವೂ ಉಳ್ಳ ಪ್ರತ್ಯೇಕ ಮೀಟರಿನ ಮನೆಯೊಂದು ಎದುರಿಗಿವೆ ಎನ್ನೋಣ. ಬಿಲ್ಲು ಸೊನ್ನೆಯಾಗುವುದಾದರೆ ಎರಡನೆಯದರಲ್ಲಿ ತಿಂಗಳಿಗೆ 800, ಹನ್ನೊಂದು ತಿಂಗಳಿಗೆ 8,800 ರೂಪಾಯಿ ಉಳಿಯಿತು. ಒಂದು ತಿಂಗಳ ಬಾಡಿಗೆಗಿಂತಲೂ ಅದು ಹೆಚ್ಚು.

ಎರಡನೆಯದು ನೀರು. “ನೀರು ಸೇರಿ” ಎಂದರೆ ಯಾವ ನೀರು? ಮೈಸೂರಿನಲ್ಲಿ ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನಲ್ಲಿ ನೀರೋ, ಕೊಳವೆ ಬಾವಿಯದೋ, ಬೇಸಗೆಯಲ್ಲಿ ಟ್ಯಾಂಕರಿನದೋ? 2024ರ ಬೇಸಗೆಯಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಟ್ಯಾಂಕರ್ ನೀರಿನ ದರಕ್ಕೇ ಮಿತಿ ಹಾಕಬೇಕಾಯಿತು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಅಂಥ ದಿನ ಬಂದರೆ ಹಣ ಕೊಡುವವರು ಯಾರು ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಮೂರನೆಯದು ಯಾವ ಬಿಲ್ಲಿನಲ್ಲೂ ಮುದ್ರಿತವಾಗುವುದಿಲ್ಲ. ಊರಿನವರೊಬ್ಬರು ಮೈಸೂರಿನಲ್ಲಿ ಮನೆ ಹಿಡಿದರೆಂದರೆ ಅದು ಊರಿಗೆಲ್ಲ ಛತ್ರವಾಗುತ್ತದೆ. ಕೆ.ಆರ್. ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದ ಚಿಕ್ಕಪ್ಪ, ಪರೀಕ್ಷೆ ಬರೆಯಲು ಬಂದ ಅತ್ತೆಯ ಮಗ, ದಸರಾ ನೋಡಲು ಬಂದ ಮಕ್ಕಳು. ಇವರನ್ನು “ಬರಬೇಡಿ” ಎನ್ನುವುದು ಹೇಗೆ? ಆದರೆ ನೀರು ದೀಪಗಳ ಖರ್ಚು ಹೊತ್ತ ಮನೆಯೊಡತಿಗೆ ಬಂದುಹೋಗುವವರ ತಲೆ ಎಣಿಸದೆ ವಿಧಿಯಿಲ್ಲ. “ಇವರು ಇನ್ನೂ ಎಷ್ಟು ದಿನ ಇರ್ತಾರಮ್ಮ?” ಎಂಬ ಮೆತ್ತನೆಯ ಪ್ರಶ್ನೆ ಒಲೆಯ ಮುಂದಿರುವ ತಾಯಿಯ ಎದೆಗೆ ನಾಟುತ್ತದೆ. ಕೇಳಿದವರದೂ ತಪ್ಪಲ್ಲ, ಬಿಲ್ಲು ಅವರ ಕೈಗೇ ಬರುತ್ತದೆ. ಪ್ರತ್ಯೇಕ ಮೀಟರಿನ ಮನೆಯಲ್ಲಿ ಅತಿಥಿಯ ಎಣಿಕೆ ಒಡೆಯರಿಗೆ ಅಷ್ಟಾಗಿ ಬೇಕಾಗುವುದಿಲ್ಲ.

ಹಾಗೆಂದು ಎಲ್ಲ ಸೇರಿದ ಬಾಡಿಗೆಯನ್ನು ಹಳಿಯಬೇಕಾಗಿಲ್ಲ. ಒಂಟಿಯಾಗಿ ಓದುವ ಹುಡುಗಿಗೆ, ಕೆಲವೇ ತಿಂಗಳು ತಂಗುವವರಿಗೆ, ತಿಂಗಳ ಖರ್ಚು ರೂಪಾಯಿಯೂ ಏರುಪೇರಾಗಬಾರದೆನ್ನುವವರಿಗೆ ಅದೇ ನೆಮ್ಮದಿ. ಮನೆ ಪೇಟೆಯಿಂದ ತುಸು ದೂರವಿದ್ದರೂ ಚಿಂತೆಯಿಲ್ಲ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ದೂರದ ಅಗ್ಗದ ಮನೆಯೂ ಮಗಳ ಓಡಾಟಕ್ಕೆ ದುಬಾರಿಯಾಗದು.

ಮನೆ ಯಾವುದೇ ಇರಲಿ, ಮಾತು ಕಾಗದಕ್ಕೆ ಇಳಿಯಬೇಕು. ಒಂದು ವರ್ಷ ಮೀರಿದ ಗೇಣಿಗೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಕಡ್ಡಾಯವಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವ ವಾಡಿಕೆ ಬೆಳೆದರೆ, ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡೇ ತಿಂಗಳ ಮುಂಗಡ ಸಾಕೆಂದಿತು. ಕರಾರಿನಲ್ಲಿ ಬಾಡಿಗೆ, ಮುಂಗಡಗಳ ಜೊತೆಗೆ ನೀರು ಯಾರದು, ಮೀಟರು ಯಾರದು, ಬಂದ ನೆಂಟರಿಗೆ ತಕರಾರಿಲ್ಲವೇ ಎಂಬ ಮೂರು ಸಾಲುಗಳೂ ಇರಲಿ. ಗೃಹಜ್ಯೋತಿಗೆ ಬಾಡಿಗೆದಾರರು ಅರ್ಜಿ ಹಾಕುವಾಗಲೂ ಆ ಕರಾರುಪತ್ರವೇ ಕೆಲಸಕ್ಕೆ ಬರುತ್ತದೆ.

ಮದ್ದೂರಿನಿಂದ ಅವರೆಕಾಯಿಯ ಚೀಲ ಹೊತ್ತು ಬಂದ ಅಜ್ಜಿ ಮೊಮ್ಮಗಳ ಬಿಡಾರದಲ್ಲಿ ಬಿಸಿನೀರಿನ ಸ್ನಾನ ಮಾಡಿ, ಯಾರ ಮುಖವನ್ನೂ ನೋಡದೆ ಎರಡು ದಿನ ನಿಶ್ಚಿಂತೆಯಿಂದ ಇದ್ದು ಹೋಗುವಂತಾದರೆ, ಆ ಬಾಡಿಗೆ ನಿಜವಾಗಿಯೂ ಅಗ್ಗ.