ಕಿರುನಾಯಿಗಳ ಬೆನ್ನುಬೇನೆ: ಕಾರಣ ಮತ್ತು ಉಪಚಾರ

ಸಂಸ್ಕೃತದಲ್ಲಿ ನಾಯಿಗೆ ಹಲವು ಹೆಸರುಗಳುಂಟು. ಶ್ವಾನ, ಶುನಕ, ಸಾರಮೇಯ, ಕುಕ್ಕುರ ಎಂಬಿವು ಕನ್ನಡ ವಾಚಕರಿಗೂ ಅಪರಿಚಿತವಲ್ಲ. ಅಮರಕೋಶವು ಇವುಗಳ ಸಾಲಿನಲ್ಲಿ ‘ಕೌಲೇಯಕ’ ಎಂಬ ಇನ್ನೊಂದು ಹೆಸರನ್ನೂ ಹೇಳುತ್ತದೆ. ಕುಲಶಬ್ದದ ಮೇಲೆ ಪ್ರತ್ಯಯ ಬಂದು ಈ ರೂಪವು ನಾಯಿ ಎಂಬ ಅರ್ಥದಲ್ಲಿ ಸಿದ್ಧವಾಗುವುದನ್ನು ಪಾಣಿನಿಯು ಸೂತ್ರಮುಖೇನ ವಿಧಿಸಿದ್ದಾನೆ. ಕುಲಕ್ಕೆ, ಎಂದರೆ ಮನೆತನಕ್ಕೆ ಸೇರಿದುದು ಎಂಬುದು ಅದರ ಭಾವ. ಇಂದಿನ ಪಟ್ಟಣಗಳಲ್ಲಿ ಮನೆಯೊಳಗೇ ಉಂಡು, ಮಂಚದ ಮೇಲೇ ಮಲಗುವ ಪುಟ್ಟ ನಾಯಿಗಳಿಗೆ ಈ ಹೆಸರು ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ.

ಹೀಗೆ ಮನೆಯವರಲ್ಲಿ ಒಬ್ಬನಾದ ನಾಯಿ ಒಂದು ಸಂಜೆ ಸೋಫಾದಿಂದ ಕೆಳಗೆ ಹಾರಿ ಕಿರ್ರನೆ ಕೂಗುತ್ತದೆ. ಬೆಳಗಾಗುವುದರೊಳಗೆ ಹಿಂಗಾಲುಗಳನ್ನು ಎಳೆಯುತ್ತ ತೆವಳುತ್ತದೆ. ‘ಲಕ್ವ ಹೊಡೆಯಿತು, ಇನ್ನು ಇದರ ಕಥೆ ಮುಗಿಯಿತು’ ಎಂದು ನೆರೆಹೊರೆಯವರು ತೀರ್ಪು ಕೊಟ್ಟುಬಿಡುತ್ತಾರೆ. ದಯಾಪರರೆನಿಸಿದವರು ಸಹ ಸೂಜಿಮದ್ದಿನಿಂದ ಅದನ್ನು ಮಲಗಿಸಿಬಿಡುವುದೇ ಲೇಸೆಂದು ಸಲಹೆ ನೀಡುವುದುಂಟು. ಈ ತೀರ್ಪು ಬಹುಮಟ್ಟಿಗೆ ಅವಸರದ್ದು. ಕಾಲು ಸೋತ ನಾಯಿಗಳಲ್ಲಿ ಹೆಚ್ಚಿನವು ತಕ್ಕ ಉಪಚಾರ ದೊರೆತರೆ ಮತ್ತೆ ನಡೆದಾಡುತ್ತವೆ. ಯಾವುದು ನಡೆದೀತು, ಯಾವುದು ನಡೆಯಲಾರದು ಎಂಬುದನ್ನು ನಿರ್ಣಯಿಸುವ ಪರೀಕ್ಷೆಯೂ ಉಂಟು.

ಈ ಬೇನೆಗೆ ಮುಖ್ಯವಾಗಿ ತುತ್ತಾಗುವುವು ಒಡಲು ನೀಳವಾಗಿ ಕಾಲು ಗಿಡ್ಡವಾಗಿರುವ ತಳಿಗಳು. ಅವುಗಳಲ್ಲಿ ಅಗ್ರಸ್ಥಾನ ಡ್ಯಾಶ್‌ಹೌಂಡಿನದು. ಹೀಗೆ ಉಚ್ಚರಿಸಿದಾಗ ಇಂಗ್ಲಿಷ್ ಬಲ್ಲವರಿಗೆ ಓಟದ ನೆನಪಾದರೂ ಹೆಸರು ಜರ್ಮನ್ ಭಾಷೆಯದು. ‘ಡಾಕ್ಸ್’ ಎಂದರೆ ಬಿಲ ತೋಡಿ ವಾಸಿಸುವ ಬ್ಯಾಜರ್ ಎಂಬ ಕಾಡುಪ್ರಾಣಿ. ‘ಹುಂಟ್’ ಎಂದರೆ ನಾಯಿ. ಆ ಪ್ರಾಣಿಯ ಬಿಲದೊಳಗೆ ನುಗ್ಗಲು ತಕ್ಕಂತೆ ಬೇಟೆಗಾರರು ಬೆಳೆಸಿದ ತಳಿಯಿದು. ಜರ್ಮನರು ಇದನ್ನು ‘ಡಾಕೆಲ್’ ಎಂದೂ ಕರೆಯುತ್ತಾರೆ. ಅದರ ಹಿಂಗಾಲು ಸೋಲುವ ರೋಗಕ್ಕೆ ಅವರಲ್ಲಿ ‘ಡಾಕೆಲ್‌ಲೇಮೆ’, ಅಂದರೆ ಡಾಕೆಲಿನ ಲಕ್ವ, ಎಂಬ ಹೆಸರೇ ರೂಢವಾಗಿದೆ. ಈ ತಳಿಯಲ್ಲಿ ಸುಮಾರು 5 ನಾಯಿಗಳಿಗೆ ಒಂದರಂತೆ ತನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಈ ತೊಂದರೆಗೆ ಒಳಗಾಗುತ್ತದೆ. ಪೆಕಿನೀಸ್, ಫ್ರೆಂಚ್ ಬುಲ್‌ಡಾಗ್, ಬೀಗಲ್, ಕಾಕರ್ ಸ್ಪ್ಯಾನಿಯಲ್ ಮೊದಲಾದವುಗಳಿಗೂ ಇದು ತಪ್ಪಿದ್ದಲ್ಲ.

ಬೇನೆಯ ಮೂಲವನ್ನು ತಿಳಿಯಬೇಕಾದರೆ ಬೆನ್ನುಮೂಳೆಯ ರಚನೆಯನ್ನು ಸ್ವಲ್ಪ ನೋಡಬೇಕು. ನಾಯಿಯ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳಿವೆ. ಕುತ್ತಿಗೆಯ ಮೊದಲೆರಡು ಮಣಿಗಳ ನಡುವೆ ಹೊರತು, ಉಳಿದ ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಮೆತ್ತೆ ಇರುತ್ತದೆ. ಡಿಸ್ಕ್ ಎಂದು ವೈದ್ಯರು ಕರೆಯುವುದು ಇದನ್ನೇ. ಇದರ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ನಾರಿನ ಬಳೆ; ಒಳಭಾಗ ಎಳೆಯ ತಾಟಿನುಂಗಿನ ತಿರುಳಿನಂತೆ ಮೆದುವಾದ ಲೋಳೆ. ತಾಟಿನುಂಗು ಬಲಿತಂತೆ ತಿರುಳು ಗಟ್ಟಿಯಾಗುವುದನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಸಾಮಾನ್ಯ ನಾಯಿಗಳಲ್ಲಿ ಮುಪ್ಪಿನವರೆಗೆ ಮೆದುವಾಗಿ ಉಳಿಯುವ ಆ ಲೋಳೆ, ಗಿಡ್ಡಗಾಲಿನ ತಳಿಗಳಲ್ಲಿ ಮೊದಲ ವರ್ಷ ತುಂಬುವ ವೇಳೆಗೇ ಒಣಗಿ ಗಡುಸಾಗತೊಡಗುತ್ತದೆ. ಕ್ರಮೇಣ ಸುಣ್ಣದ ಅಂಶ ಸೇರಿ ಹರಳುಗಟ್ಟುತ್ತದೆ. ನಾರಿನ ಬಳೆಯು ಬೆನ್ನುಹುರಿಯ ಕಡೆಗೆ ತೆಳು. ಆದುದರಿಂದ ಅದು ಹರಿದಾಗ ಗಡುಸಾದ ತಿರುಳು ನೇರವಾಗಿ ಮೇಲಕ್ಕೆ ಸಿಡಿದು ಬೆನ್ನುಹುರಿಗೆ ಬಡಿಯುತ್ತದೆ. ಮೆತ್ತೆಗಳ ಈ ಕೆಡುಕಿನ ಎರಡು ಬಗೆಗಳನ್ನು ಸ್ವೀಡನ್ನಿನ ಹಾನ್ಸೆನ್ 1952ರಲ್ಲಿ ವಿಂಗಡಿಸಿ ತೋರಿಸಿದರು. ಹಠಾತ್ತನೆ ಸಿಡಿಯುವುದು ಅವರ ಮೊದಲನೆಯ ಬಗೆ. ಇದರ ಹಿಂದಿರುವ ಆನುವಂಶಿಕ ಕಾರಣವನ್ನು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಸಂಶೋಧಕರು 2017ರಲ್ಲಿ ಗುರುತಿಸಿದರು. ಕಾಲನ್ನು ಗಿಡ್ಡವಾಗಿಸುವ ಅದೇ ವಂಶಾಂಶವು ಮೆತ್ತೆಯನ್ನೂ ಅಕಾಲದಲ್ಲಿ ಬಲಿಸುತ್ತದೆ. ಮನುಷ್ಯನು ಯಾವ ರೂಪವನ್ನು ಮೆಚ್ಚಿ ತಳಿಯನ್ನು ಬೆಳೆಸಿದನೋ ಆ ರೂಪದೊಳಗೇ ಬೇನೆಯೂ ಅಡಗಿದೆ ಎಂದಾಯಿತು.

ಆದಕಾರಣ ಸೋಫಾದಿಂದ ಹಾರಿದ್ದೇ ರೋಗಕ್ಕೆ ಕಾರಣವೆಂದು ಮನೆಯ ಮಕ್ಕಳನ್ನು ಗದರಿಸುವುದು ಸರಿಯಲ್ಲ. ಹಾರಿದ್ದು ನಿಮಿತ್ತಮಾತ್ರ. ಮಲಗಿದ್ದಲ್ಲಿಯೇ ಮೆತ್ತೆ ಸಿಡಿದ ನಿದರ್ಶನಗಳೂ ಉಂಟು. ಸಾಮಾನ್ಯವಾಗಿ 3ರಿಂದ 7 ವರ್ಷದೊಳಗೆ, ಎದೆಗೂಡು ಮುಗಿದು ಸೊಂಟ ಆರಂಭವಾಗುವ ಎಡೆಯಲ್ಲಿ ಇದು ಸಂಭವಿಸುತ್ತದೆ. ಎದೆಯ ಮುಂಭಾಗದಲ್ಲಿ ಎಡಬಲದ ಪಕ್ಕೆಲುಬುಗಳ ತಲೆಗಳನ್ನು ಕೂಡಿಸುವ ಅಡ್ಡಕಟ್ಟೊಂದು ಮೆತ್ತೆಗಳ ಮೇಲೆ ಹಾದುಹೋಗಿ ಅವನ್ನು ಕಾಯುತ್ತದೆ. ಆ ಕಾವಲು ಮುಗಿದಲ್ಲಿಂದ ಅಪಾಯ ತೊಡಗುತ್ತದೆ.

ಮೊದಲ ಲಕ್ಷಣಗಳು ಮೋಸಗೊಳಿಸುವಂಥವು. ನಾಯಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುತ್ತದೆ, ನಡುಗುತ್ತದೆ, ಮೆಟ್ಟಿಲ ಬಳಿ ನಿಂತು ಹಿಂಜರಿಯುತ್ತದೆ, ಎತ್ತಿಕೊಂಡರೆ ಅರಚುತ್ತದೆ. ಹೊಟ್ಟೆ ಮುಟ್ಟಿದರೆ ಬಿಗಿಹಿಡಿಯುವುದರಿಂದ ಹೊಟ್ಟೆನೋವೆಂದೇ ಭಾವಿಸಿ ಓಮದ ನೀರು ಕುಡಿಸುವವರಿದ್ದಾರೆ. ಕುತ್ತಿಗೆಯಲ್ಲಿ ಬೇನೆಯಾದರೆ ತಲೆಯನ್ನು ಕೆಳಗಿಟ್ಟು, ತಿರುಗಿ ನೋಡಬೇಕಾದಾಗ ಇಡೀ ಮೈಯನ್ನೇ ತಿರುಗಿಸುತ್ತದೆ. ಇಷ್ಟರಲ್ಲಿಯೇ ಎಚ್ಚರಗೊಳ್ಳುವುದು ಲೇಸು. ನಡಿಗೆ ತೂರಾಡತೊಡಗಿದರೆ, ಪಾದದ ಮೇಲ್ಭಾಗ ನೆಲಕ್ಕೆ ಉಜ್ಜುತ್ತಿದ್ದರೆ, ಪಶುವೈದ್ಯರ ಬಳಿಗೆ ಅಂದೇ ಹೋಗಬೇಕು. ಹಿಂಗಾಲು ಪೂರ್ತಿ ಸೋತಿದ್ದರೆ ಆ ಗಳಿಗೆಯಲ್ಲೇ ಹೊರಡಬೇಕು. ಪಟ್ಟಣಗಳಲ್ಲಿ ಪೊಮೆರೇನಿಯನ್ ಎಂದು ಕರೆಯುವ ಬಿಳಿನಾಯಿಗಳು ಒಂದೇ ಹಿಂಗಾಲನ್ನು ಎತ್ತಿ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಹೋಗುವುದು ಬಹುಶಃ ಮಂಡಿಚಿಪ್ಪು ಜಾರುವುದರಿಂದ. ಅದು ಬೇರೆ ವಿಷಯ.

ಈ ಹೊತ್ತಿನಲ್ಲಿ ಮಾಡಬಾರದವುಗಳೇ ಮಾಡತಕ್ಕವುಗಳಿಗಿಂತ ಹೆಚ್ಚು. ಉಳುಕು ತೆಗೆಯುವವರಲ್ಲಿಗೆ ಒಯ್ದು ಕಾಲು ಎಳೆಸುವುದು, ಬೆಚ್ಚಗಿನ ಎಣ್ಣೆ ಹಾಕಿ ಬೆನ್ನು ನೀವಿಸುವುದು, ‘ನಡೆದರೆ ಸಡಿಲವಾಗುತ್ತದೆ’ ಎಂದು ಬಲವಂತವಾಗಿ ನಡೆಸುವುದು, ಇವು ಅರ್ಧ ಹರಿದ ಬಳೆಯನ್ನು ಪೂರ್ತಿ ಹರಿಯುವ ಉಪಾಯಗಳು. ಮನೆಯ ಔಷಧಿಡಬ್ಬಿಯಿಂದ ಮನುಷ್ಯರ ನೋವಿನ ಮಾತ್ರೆ ಕೊಡುವುದು ಇನ್ನೂ ಅನರ್ಥಕಾರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಹಾಗೆ ಕೊಟ್ಟಿದ್ದರೆ ಆ ಸಂಗತಿಯನ್ನು ವೈದ್ಯರಲ್ಲಿ ಮುಚ್ಚಿಡಬಾರದು. ಅದರ ಮೇಲೆ ಅವರು ಸ್ಟೆರಾಯ್ಡ್ ಕೊಟ್ಟರೆ ಹುಣ್ಣಿನ ಅಪಾಯ ಇಮ್ಮಡಿಸುತ್ತದೆ.

ಒಯ್ಯುವ ಕ್ರಮವನ್ನೂ ಅರಿತಿರಬೇಕು. ಮಗುವನ್ನು ಕಂಕುಳಲ್ಲಿ ಕೈಕೊಟ್ಟು ಎತ್ತುವಂತೆ ನಾಯಿಯನ್ನು ಎತ್ತಲಾಗದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇಟ್ಟು, ಬೆನ್ನು ಅಡ್ಡಸಾಲಾಗಿ ನೆಟ್ಟಗಿರುವಂತೆ ಎತ್ತಬೇಕು. ಮಾಳಿಗೆಯಿಂದ ಬಿದ್ದಿದ್ದರೆ, ವಾಹನ ತಗಲಿದ್ದರೆ, ಬೀದಿನಾಯಿ ಕಚ್ಚಿ ಎಳೆದಾಡಿದ್ದರೆ ಮೂಳೆಯೇ ಮುರಿದಿರಬಹುದು. ಆಗ ಹಲಗೆಯೊಂದರ ಮೇಲೆ ಮೆಲ್ಲನೆ ಸರಿಸಿ, ಮೈ ಅಲುಗಾಡದಂತೆ ಬಟ್ಟೆಯಿಂದ ಕಟ್ಟಿ ಒಯ್ಯಬೇಕು. ದೊಡ್ಡ ಮಣೆಯಾದರೂ ಆದೀತು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆಂಬುದನ್ನು ಮರೆಯಬಾರದು. ವಾಂತಿಯಾಗಲಿ ಉಬ್ಬಸವಾಗಲಿ ಇಲ್ಲದಿದ್ದರೆ ಮೆದು ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಬಹುದು.

ಇನ್ನು ಮೊದಲು ಸೂಚಿಸಿದ ಪರೀಕ್ಷೆ. ವೈದ್ಯರು ಹಿಂಗಾಲಿನ ಬೆರಳನ್ನು ಚಿಮುಟದಿಂದ ಬಲವಾಗಿ ಒತ್ತುತ್ತಾರೆ. ನಾಯಿ ಕಾಲನ್ನು ಹಿಂದಕ್ಕೆ ಸೆಳೆದುಕೊಂಡರೆ ಮನೆಯವರು ಸಂತೋಷಪಡುತ್ತಾರೆ. ಆದರೆ ಅದು ಪ್ರಮಾಣವಲ್ಲ. ಗಾಯದಿಂದ ಕೆಳಗಿರುವ ಬೆನ್ನುಹುರಿಯ ತುಂಡೊಂದೇ ಮಿದುಳಿನ ಸಂಬಂಧವಿಲ್ಲದೆ ಆ ಸೆಳೆತವನ್ನು ಉಂಟುಮಾಡಬಲ್ಲದು. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು; ನೋವು ಮಿದುಳಿಗೆ ಮುಟ್ಟಿತೆಂಬುದಕ್ಕೆ ಅದೇ ಸಾಕ್ಷಿ. ಈ ಅರಿವು ಉಳಿದಿರುವ ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ 100ಕ್ಕೆ 90ಕ್ಕೂ ಮಿಕ್ಕಿದವು ನಡೆಯುತ್ತವೆ. ಅರಿವು ಅಳಿದಿದ್ದರೂ ಶಸ್ತ್ರಚಿಕಿತ್ಸೆಯಾದರೆ ಅರ್ಧದಷ್ಟಕ್ಕಾದರೂ ಆಶೆಯುಂಟು. ಆಗದಿದ್ದರೆ ಆಶೆ ಬಹಳ ಸ್ವಲ್ಪ. ಅರಿವು ಅಳಿದವುಗಳಲ್ಲಿ ಸುಮಾರು 10ರಲ್ಲಿ ಒಂದಕ್ಕೆ ಬೆನ್ನುಹುರಿಯೇ ಕರಗುತ್ತ ಮೇಲಕ್ಕೇರಿ, ಕೆಲವೇ ದಿನಗಳಲ್ಲಿ ಉಸಿರಾಟವನ್ನು ನಿಲ್ಲಿಸುತ್ತದೆ. ಅಂಥ ಸಂದರ್ಭದಲ್ಲಿ ಮಾತ್ರ ಸೂಜಿಮದ್ದಿನ ಸಲಹೆಗೆ ದಯೆಯೆಂಬ ಹೆಸರು ಒಪ್ಪುತ್ತದೆ.

ಸಾಧಾರಣ ಎಕ್ಸ್‌ರೇ ಮೂಳೆಯನ್ನು ತೋರಿಸೀತೇ ಹೊರತು ಬೆನ್ನುಹುರಿಯನ್ನು ತೋರಿಸದು. ಶಸ್ತ್ರಚಿಕಿತ್ಸೆಗೆ ಮುನ್ನ ಎಂಆರ್‌ಐ ಅಥವಾ ಸಿಟಿ ಚಿತ್ರಣ ಬೇಕಾಗುತ್ತದೆ. ಈ ಸೌಕರ್ಯ ಎಲ್ಲ ಊರುಗಳಲ್ಲಿ ದೊರೆಯದು. ದೊರೆತಲ್ಲಿ ವೆಚ್ಚವೂ ಅಲ್ಪವಲ್ಲ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಮಹಾವಿದ್ಯಾಲಯಗಳಿಗೆ ಸೇರಿದ ಚಿಕಿತ್ಸಾಲಯಗಳಲ್ಲಿ ಮೊದಲು ವಿಚಾರಿಸಬಹುದು. ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ. ನೋವು ಮಾತ್ರವಿದ್ದು ಅಥವಾ ತೂರಾಡಿಯಾದರೂ ನಡೆಯಬಲ್ಲ ನಾಯಿಗಳಲ್ಲಿ ಬಹುಪಾಲು ಶಸ್ತ್ರವಿಲ್ಲದೆಯೇ ಗುಣಹೊಂದುತ್ತವೆ. ಅವುಗಳಿಗೆ ಮದ್ದೆಂದರೆ ನಿಶ್ಚಲತೆ.

ಈ ನಿಶ್ಚಲತೆ ಎಂಬುದು ಹೇಳಿದಷ್ಟು ಸುಲಭವಲ್ಲ. ನಾಯಿ ಎದ್ದುನಿಂತು ತಿರುಗಿ ಮಲಗುವಷ್ಟೇ ಜಾಗವುಳ್ಳ ಪಂಜರದಲ್ಲಿ ಕಡಮೆಯೆಂದರೆ 4 ವಾರ ಇರಿಸಬೇಕು. ಮಲಮೂತ್ರಕ್ಕಾಗಿ ಮಾತ್ರ, ಹಗ್ಗ ಹಿಡಿದು, ಹೊಟ್ಟೆಯ ಕೆಳಗೆ ಟವೆಲಿನ ಜೋಲಿ ಕೊಟ್ಟು ಹೊರಗೆ ಒಯ್ಯಬೇಕು. ಕಷ್ಟ ಬರುವುದು ಎರಡನೆಯ ವಾರದಲ್ಲಿ. ಪಶುವೈದ್ಯರು ಕೊಟ್ಟ ಮಾತ್ರೆಯಿಂದ ನೋವು ಇಳಿದು ನಾಯಿ ಗೆಲುವಾಗುತ್ತದೆ. ಪಂಜರದ ಸರಳನ್ನು ಕೆರೆದು ಗೋಗರೆಯುತ್ತದೆ. ‘ಪಾಪ, ಗುಣವಾಯಿತಲ್ಲ’ ಎಂದು ಮನೆಯ ಹಿರಿಯರೊಬ್ಬರು ಬಾಗಿಲು ತೆರೆಯುತ್ತಾರೆ. ನೋವು ಹೋಗಿದೆ, ಹರಿದ ಬಳೆ ಇನ್ನೂ ಕೂಡಿಲ್ಲ. ಮರುದಿನವೇ ಕಾಲು ಸೋತ ಪ್ರಸಂಗಗಳು ಹುಟ್ಟುವುದು ಈ ಕರುಣೆಯಿಂದಲೇ.

ಕಾಲು ಪೂರ್ತಿ ಸೋತಿದ್ದರೆ ಮೂತ್ರದ ಕಡೆ ವಿಶೇಷ ಗಮನವಿರಬೇಕು. ಹಾಸಿಗೆ ಒದ್ದೆಯಾದುದನ್ನು ಕಂಡು ನಾಯಿ ಮೂತ್ರ ಮಾಡುತ್ತಿದೆಯೆಂದು ತಿಳಿಯುವುದು ದೊಡ್ಡ ತಪ್ಪು. ತುಂಬಿದ ಕೊಡದಿಂದ ತುಳುಕುವಂತೆ ತುಂಬಿದ ಮೂತ್ರಕೋಶದಿಂದ ಅದು ಸೋರುತ್ತಿರಬಹುದು. ಹೊಟ್ಟೆಯನ್ನು ಎರಡು ಪಕ್ಕಗಳಿಂದ ಅಂಗೈಯಲ್ಲಿ ಒತ್ತಿ ದಿನಕ್ಕೆ 3-4 ಬಾರಿ ಮೂತ್ರಕೋಶವನ್ನು ಬರಿದುಮಾಡುವ ವಿಧಾನವನ್ನು ವೈದ್ಯರಿಂದ ಕೈಮುಟ್ಟಿ ಕಲಿತುಕೊಳ್ಳಬೇಕು. ಓದಿ ಕಲಿಯುವ ವಿದ್ಯೆ ಅದಲ್ಲ. ಮಗ್ಗುಲು ಹುಣ್ಣಾಗದಂತೆ 4-6 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸು ಒಣಗಿರಬೇಕು. ಇಷ್ಟನ್ನೂ ಮಾಡಿ ಕಾಲು ಮರಳದಿದ್ದ ನಾಯಿಗಳೂ ಹಿಂಭಾಗಕ್ಕೆ ಎರಡು ಗಾಲಿಯ ಪುಟ್ಟ ಬಂಡಿ ಕಟ್ಟಿದರೆ ಅಂಗಳದಲ್ಲಿ ಓಡಾಡಿಕೊಂಡು ವರ್ಷಗಟ್ಟಲೆ ಬದುಕಬಲ್ಲವು.

ಒಮ್ಮೆ ಬಂದ ಬೇನೆ ಇನ್ನೊಂದು ಮೆತ್ತೆಯಲ್ಲಿ ಮರುಕಳಿಸುವುದುಂಟು. ಆದಕಾರಣ ಗುಣವಾದ ಮೇಲೂ ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕುವುದು, ನುಣುಪಾದ ಗ್ರಾನೈಟ್ ನೆಲದ ಮೇಲೆ ಜಮಖಾನೆ ಹಾಸುವುದು, ಬೆರಳಿಗೆ ಪಕ್ಕೆಲುಬು ಸಿಗುವಷ್ಟು ಮೈತೂಕ ಇಳಿಸುವುದು ಅವಶ್ಯ. ಊಟದ ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ತುಂಡು ಚಪಾತಿ ಹಾಕಿದರೆ ಆ ಕೊನೆಯದು ಕೈಗೂಡದು. ಮಂಚಕ್ಕೂ ಸೋಫಾಕ್ಕೂ ನಾರಿನ ಚಾಪೆ ಹೊಡೆದ ಇಳಿಜಾರು ಹಲಗೆಯೊಂದನ್ನು ಒರಗಿಸಿದರೆ ಸಾಕು. ತಿಂಡಿಯ ಆಸೆ ತೋರಿಸಿ ನಾಲ್ಕು ದಿನ ಅದರ ಮೇಲೆ ನಡೆಸಿದ ಬಳಿಕ ನಾಯಿ ತಾನಾಗಿಯೇ ಹತ್ತಿ ಇಳಿಯತೊಡಗುತ್ತದೆ.