ಊರ ಮರಕ್ಕೂ ಒಂದು ಖಾತೆ

ಮಾರ್ಚ್ ಮುಗಿಯುವ ಹೊತ್ತಿಗೆ ಹೊಳೆಆಲೂರಿನ ಸುತ್ತಲಿನ ಎರೆ ಹೊಲಗಳು ಬಾಯಿ ಬಿಟ್ಟಿರುತ್ತವೆ. ಕಡಲೆ, ಜೋಳ ಮನೆ ಸೇರಿ ಕಣ್ಣು ಹಾಯುವವರೆಗೂ ಬರೀ ಕಪ್ಪು ನೆಲ. ಮಲಪ್ರಭೆಯ ದಂಡೆಯ ಈ ಊರಿಗೆ ಆಗ ನೆರಳು ಕೊಡುವುದು ಬೇವು, ಹುಣಸೆ, ಅರಳಿ, ಹೊಂಗೆ. ಗುಡಿಯ ಕಟ್ಟೆಯಾಗಲಿ, ಶಾಲೆಯ ಅಂಗಳವಾಗಲಿ, ಬಸ್ಸಿಗೆ ಕಾಯುವ ಜಾಗವಾಗಲಿ, ಜನ ಕೂತಿರುವುದು ಮರವಿದ್ದಲ್ಲೇ. ಗದಗ ಜಿಲ್ಲೆಯ ಹೆಸರುವಾಸಿ ಕಾಡು ಕಪ್ಪತಗುಡ್ಡ ಇಲ್ಲಿಂದ ಬಲು ದೂರ. ರೋಣ ತಾಲ್ಲೂಕಿನ ಹೊಳೆಸಾಲಿನ ಊರುಗಳಿಗೆ ಬೀದಿಯ ಗಿಡಗಳೇ ಕಾಡು.

ಈ ಗಿಡಗಳನ್ನು ಯಾರು ನೋಡಿಕೊಳ್ಳಬೇಕು? ಕೇಳಿದರೆ ‘ಅವು ಸರ್ಕಾರದ್ದು’ ಎಂಬ ಉತ್ತರ ಬರುತ್ತದೆ. ಹಾಗೆಂದರೆ ಬಹುಮಟ್ಟಿಗೆ ಯಾರದ್ದೂ ಅಲ್ಲ ಎಂದೇ ಅರ್ಥ. ಕಾನೂನು ಮಾತ್ರ ಅವುಗಳಿಗೆ ಇಬ್ಬರು ಪಾಲಕರನ್ನು ಗೊತ್ತುಮಾಡಿದೆ. ಮೊದಲನೆಯದು ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಮೊದಲನೇ ಅನುಸೂಚಿ ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಹೇಳುವಾಗ ರಸ್ತೆಬದಿಯಲ್ಲೂ ತನ್ನ ವಶದ ಸಾರ್ವಜನಿಕ ಜಾಗಗಳಲ್ಲೂ ಮರ ನೆಡುವುದನ್ನು ಮಾತ್ರವಲ್ಲ, ಕಾಪಾಡುವುದನ್ನೂ ಸೇರಿಸಿದೆ. ನೆಡುವ ಭಾಗವನ್ನು ಎಲ್ಲ ಪಂಚಾಯಿತಿಗಳೂ ಜೂನ್ ತಿಂಗಳಲ್ಲಿ ಸಡಗರದಿಂದ ನೆರವೇರಿಸುತ್ತವೆ. ಕಾಪಾಡುವ ಭಾಗಕ್ಕೆ ಫೋಟೊ ಇಲ್ಲ, ಭಾಷಣವಿಲ್ಲ.

ಎರಡನೆಯ ಪಾಲಕ ವೃಕ್ಷಾಧಿಕಾರಿ. ಇಂಥ ಹುದ್ದೆಯೊಂದಿದೆ ಎಂಬುದೇ ಎಷ್ಟೋ ಜನರಿಗೆ ತಿಳಿಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿಯೇ ಈ ಜವಾಬ್ದಾರಿ ಹೊರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ. ಮರ ಸತ್ತಿದ್ದರೆ, ರೋಗ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತಂದಿದ್ದರೆ ಅನುಮತಿ ಸಿಗುತ್ತದೆ. ತಡೆಯಲಾಗದ ಅಪಾಯವಿದ್ದರೆ ತಕ್ಷಣ ಕಡಿದು, 24 ಗಂಟೆಯೊಳಗೆ ವರದಿ ಮಾಡಬಹುದು. 50ಕ್ಕಿಂತ ಹೆಚ್ಚು ಮರ ಕಡಿಯುವ ಅರ್ಜಿ ಬಂದರೆ ಸಾರ್ವಜನಿಕರಿಗೆ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಹೋಗಬಹುದು.

ಈ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದರ ವ್ಯಾಖ್ಯಾನ. ಮರ ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಟೊಂಗೆ ಸವರುವುದು, ತಲೆ ಬೋಳಿಸುವುದು, ಸುತ್ತಲಿನ ತೊಗಟೆ ಸುಲಿಯುವುದು, ವಿಷ ಹಾಕುವುದು, ಬೇರೆ ಯಾವುದೇ ರೀತಿ ಹಾನಿ ಮಾಡುವುದು, ಎಲ್ಲವೂ ಕಡಿಯುವುದೇ. ಹೀಗೆ ಓದಿದರೆ ನಮ್ಮ ಬೀದಿಗಳಲ್ಲಿ ವರ್ಷವರ್ಷವೂ ನಡೆಯುವ ಎಷ್ಟು ಕೆಲಸಗಳು ಈ ಮಾತಿನೊಳಗೆ ಬರುತ್ತವೆ! ಮುಂಗಾರಿಗೆ ಮುಂಚೆ ವಿದ್ಯುತ್ ತಂತಿಗಾಗಿ ಬೇವಿನ ಅರ್ಧ ಮೈಯನ್ನೇ ಕತ್ತರಿಸಿ ಹೋಗುತ್ತಾರೆ. ವಿಜಯದಶಮಿಗೆ ಬನ್ನಿ ಎಲೆಗೆಂದು ಟೊಂಗೆ ಟೊಂಗೆಗಳೇ ಸಂತೆಗೆ ಬರುತ್ತವೆ. ಕಸಕ್ಕೆ ಬೆಂಕಿ ಹಚ್ಚುವುದು ಮರದ ಬುಡದಲ್ಲೇ. ಫಲಕಗಳ ಮೊಳೆಗಳಂತೂ ಲೆಕ್ಕಕ್ಕಿಲ್ಲ.

ತಂತಿಯ ಕೆಳಗೆ ಟೊಂಗೆ ಬೆಳೆಯಬಾರದು, ನಿಜ. ಪ್ರಶ್ನೆ ಹೇಗೆ ಕತ್ತರಿಸುತ್ತೇವೆ ಎಂಬುದು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯವಾದ ಮೇಲೆ ಒಳಗೆ ಏನಾಗುತ್ತದೆ ಎಂದು ನೋಡಿದವರು. ಮರಕ್ಕೆ ನಮ್ಮ ಚರ್ಮದಂತೆ ಗಾಯ ಮಾಯುವುದಿಲ್ಲ. ಅದು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿಕೊಂಡು ಕೊಳೆತವನ್ನು ಅಲ್ಲಿಗೇ ತಡೆಯುತ್ತದೆ ಎಂದು ಅವರು 1977ರ ವರದಿಯಲ್ಲಿ ವಿವರಿಸಿದರು. ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಉಬ್ಬಿದ ಒಂದು ಪಟ್ಟಿ ಇರುತ್ತದೆ. ಆ ಗೋಡೆ ಏಳುವುದು ಅಲ್ಲಿಯೇ. ಅದನ್ನು ಬಿಟ್ಟು, ಅದರ ಹೊರ ಅಂಚಿನಲ್ಲಿ ಕತ್ತರಿಸಬೇಕು. ಭಾರದ ಟೊಂಗೆಯಾದರೆ ಮೂರು ಕೊಯ್ತ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಅರೆಬರೆ ಒಂದು, ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಇನ್ನೊಂದು, ಆಗ ಟೊಂಗೆ ತೊಗಟೆ ಕೀಳದೆ ಬೀಳುತ್ತದೆ, ಉಳಿದ ಮೋಟನ್ನು ಉಬ್ಬಿನ ಅಂಚಿಗೆ ಕೊಯ್ಯುವುದು ಮೂರನೆಯದು. ಇದಕ್ಕೆ ಒಂದು ಗರಗಸವೂ ಹತ್ತು ನಿಮಿಷದ ತಾಳ್ಮೆಯೂ ಸಾಕು. ಕೊಡಲಿಯಿಂದ ಚಚ್ಚಿ ಬಿಟ್ಟ ಮೋಟಿನ ಮೂಲಕ ಕೊಳೆ ಒಳಗಿಳಿದರೆ ಅದೇ ಮರ ಮುಂದೊಂದು ಗಾಳಿಮಳೆಗೆ ಬೀಳುತ್ತದೆ, ಊರು ಮರವನ್ನೇ ಬಯ್ಯುತ್ತದೆ.

ಭಕ್ತಿಯಿಂದ ಕಟ್ಟುವ ಕಾಂಕ್ರೀಟ್ ಕಟ್ಟೆಯ ಬಗ್ಗೆಯೂ ಒಂದು ಮಾತು. ಮರದ ಹೆಚ್ಚಿನ ಬೇರುಗಳು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲೇ ಹರಡಿ, ನೆರಳಿನ ಅಂಚನ್ನೂ ದಾಟಿ ಹೋಗಿರುತ್ತವೆ. ಅವಕ್ಕೆ ನೀರಷ್ಟೇ ಗಾಳಿಯೂ ಬೇಕು. ಹಳೆಯ ಕಲ್ಲಿನ ಕಟ್ಟೆಗಳ ಸಂದಿಯಲ್ಲಿ ಮಳೆ ಇಳಿಯುತ್ತಿತ್ತು. ಈಗ ಬುಡದ ಮೇಲೆ ಎರಡಡಿ ಮಣ್ಣು ಏರಿಸಿ ಟೈಲ್ಸ್ ಹಾಕುತ್ತಾರೆ.

ಬೇವಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮಳೆಗಾಲದ ಕೊನೆಗೆ ಬೇವಿನ ತುದಿಗಳು ಸುಟ್ಟಂತೆ ಒಣಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಈ ತುದಿ ಒಣಗುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರಿನ ವಿಜ್ಞಾನಿಗಳು 1997ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಹೆಸರಿಟ್ಟರು. ತುದಿ ಒಣಗಿತೆಂದರೆ ಮರ ಸತ್ತಂತಲ್ಲ, ಎಷ್ಟೋ ಬೇವುಗಳು ಯುಗಾದಿಗೆ ಮತ್ತೆ ಚಿಗುರುತ್ತವೆ. ‘ಒಣಗಿದ ಮರ’ ಎಂಬ ಅರ್ಜಿಯ ಮೇಲೆ ಸಹಿ ಬೀಳುವ ಮುಂಚೆ ಒಂದು ಚೈತ್ರ ಕಾಯಬೇಕು.

ಎಲ್ಲ ಮರಗಳೂ ಉಳಿಯಲೇಬೇಕೆಂದು ನಾನು ಹೇಳುವುದಿಲ್ಲ. ಮಲಪ್ರಭೆಯ ಪಾತ್ರದಲ್ಲಿ ಬಳ್ಳಾರಿ ಜಾಲಿ ಗಿಜಿಗಿಜಿ ತುಂಬಿದೆ. 2009ರಲ್ಲೂ 2019ರಲ್ಲೂ ನೆರೆ ಕಂಡ ಜನಕ್ಕೆ ಅದನ್ನು ತೆಗೆಯಿರಿ ಎಂದು ಕೇಳುವ ಹಕ್ಕಿದೆ. ನೀಲಗಿರಿ, ಸುಬಾಬುಲ್‌ಗಳಂತೆ ಅದಕ್ಕೂ ಕಾಯ್ದೆ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಆದರೆ ಜೆಸಿಬಿ ಹೊಳೆಗಿಳಿದಾಗ ಜಾಲಿಯ ಜೊತೆಗೇ ದಂಡೆಯ ಅತ್ತಿ, ಹೊಂಗೆ, ಕರಿಜಾಲಿಗಳೂ ಹೋದರೆ ದಂಡೆಯ ಎರೆಮಣ್ಣನ್ನು ಹಿಡಿಯುವ ಬೇರು ಉಳಿಯುವುದಿಲ್ಲ. ಯಾವುದು ಹೋಗಬೇಕು, ಯಾವುದು ಇರಬೇಕು ಎಂದು ಮೊದಲೇ ಬಣ್ಣ ಹಚ್ಚಿ ಗುರುತಿಸಬೇಕು.

ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಸಾಲಿಗೂ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂದಿತ್ತು. ಆ ತಾಯಿ ಮುಖ್ಯಮಂತ್ರಿಯನ್ನೇ ಕೇಳಿಕೊಂಡರು, ಮರಗಳು ಉಳಿದವು. ಹೊಳೆಆಲೂರಿನ ಬೇವಿನ ಪರವಾಗಿ ಹಾಗೆ ಹೋಗಿ ಕೇಳುವವರು ಯಾರು? ಅದಕ್ಕೇ ಅದರ ಹೆಸರು ದಾಖಲೆಯಲ್ಲಿರಬೇಕು. ಮನೆಗೆ, ನಿವೇಶನಕ್ಕೆ ಪಂಚಾಯಿತಿಯಲ್ಲಿ ಖಾತೆ ಇದೆ, ಮರಕ್ಕಿಲ್ಲ. ಮರಗಳ ಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದು 1976ರಲ್ಲೇ ಬರೆದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇದ್ದು ಊರಿನ ಜೀವವೈವಿಧ್ಯದ ಜನತಾ ದಾಖಲೆ ಬರೆಯಬೇಕು. ಬೀದಿ, ಜಾತಿ, ಎದೆಮಟ್ಟದ ಸುತ್ತಳತೆ, ಮೇಲೆ ತಂತಿ ಇದೆಯೇ, ಬುಡದಲ್ಲಿ ಮಣ್ಣು ತೆರೆದಿದೆಯೇ: ಇಷ್ಟನ್ನು ಹೈಸ್ಕೂಲಿನ ಮಕ್ಕಳು ಒಂದು ಟೇಪು, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬಲ್ಲರು.

ಆ ಪುಸ್ತಕ ಗ್ರಾಮಸಭೆಯ ಮುಂದೆ ಬಂದರೆ ಎಲ್ಲಿ ನೆಡಬೇಕೆಂಬುದೂ ತಾನಾಗಿ ಕಾಣುತ್ತದೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಎದ್ದ ಬಡಾವಣೆಗಳಲ್ಲಿ ಮನೆ ಬಂತು, ಹಳೆಯ ಊರಿನ ನೆರಳು ಬರಲಿಲ್ಲ. ಅಲ್ಲಿ ತಂತಿಯಿಲ್ಲದ ಬದಿಗೆ ಬೇವು, ಅರಳಿ; ತಂತಿಯ ಬದಿಗೆ ಎತ್ತರ ಕಡಿಮೆಯ ಮರ. ಎರೆನೆಲದ ಗುಂಡಿಗೆ ಗರಸು, ಸಗಣಿ ಗೊಬ್ಬರ ಸೇರಿಸಿ, ಎರಡು ಬೇಸಿಗೆ ನೀರು ಹಾಕುವವರ ಹೆಸರನ್ನು ನೆಟ್ಟ ದಿನವೇ ಅದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು.