ಪ್ರೊಸೆಸರ್ ವೇಗ ಏರಿಸುವ ಮುನ್ನ ಬಿಸಿಯ ಲೆಕ್ಕ ನೋಡಿ

ಹೆಚ್ಚುವರಿ ಹಣ ತೆರದೆ ಕಂಪ್ಯೂಟರಿನ ವೇಗ ಹೆಚ್ಚಿಸಿಕೊಳ್ಳಬಹುದೆಂದರೆ ಯಾರಿಗೆ ತಾನೆ ಆಸೆಯಾಗದು? ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ ಪ್ರೊಸೆಸರನ್ನು ಓಡಿಸುವ ಈ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು. 1998ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್‌ನ ಸೆಲೆರಾನ್ 300ಎ ಈ ಹವ್ಯಾಸವನ್ನು ಮನೆಮಾತಾಗಿಸಿತು. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಸಾಕು, 300 ಮೆಗಾಹರ್ಟ್ಸ್‌ನ ಆ ಅಗ್ಗದ ಚಿಪ್ ಬಹುತೇಕ ಸಂದರ್ಭಗಳಲ್ಲಿ 450 ಮೆಗಾಹರ್ಟ್ಸ್‌ನಲ್ಲಿ ಓಡಿ, ದುಬಾರಿ ಪೆಂಟಿಯಂ 2ಕ್ಕೆ ಸರಿಸಾಟಿಯಾಗಿ ನಿಲ್ಲುತ್ತಿತ್ತು.

ಆದರೆ ಪುಕ್ಕಟೆಯಾಗಿ ದೊರೆತ ಈ ವೇಗಕ್ಕೆ ಬಿಸಿಯ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ಎಷ್ಟು ಡಿಗ್ರಿಯವರೆಗೆ ಅಪಾಯವಿಲ್ಲ ಎಂಬುದು ಈ ಹಾದಿ ಹಿಡಿದವರೆಲ್ಲರ ಮೊದಲ ಪ್ರಶ್ನೆ. ಇದಕ್ಕೆ ಒಂದೇ ಸಂಖ್ಯೆಯ ಉತ್ತರವಿಲ್ಲ. ತಾಪಮಾನದ ಜೊತೆಗೆ ಪ್ರೊಸೆಸರಿಗೆ ಹರಿಸುತ್ತಿರುವ ವೋಲ್ಟೇಜ್ ಎಷ್ಟು ಎಂಬುದನ್ನೂ ನೋಡದಿದ್ದರೆ ಯಾವ ಸಂಖ್ಯೆಯೂ ಕ್ಷೇಮದ ಗ್ಯಾರಂಟಿ ನೀಡದು.

ಬಿಸಿ ಏರುವುದೇಕೆ?

ಪ್ರೊಸೆಸರಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಪ್ರತಿ ಬಾರಿ ಸ್ಥಿತಿ ಬದಲಿಸಿದಾಗಲೂ ಸ್ವಲ್ಪ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ಈ ಶಾಖ ವೇಗಕ್ಕೆ ಅನುಪಾತದಲ್ಲಿ ಏರಿದರೆ, ವೋಲ್ಟೇಜಿಗೆ ಅದರ ವರ್ಗದ ಅನುಪಾತದಲ್ಲಿ ಏರುತ್ತದೆ. ವೇಗವನ್ನಷ್ಟೇ ಶೇ. 10ರಷ್ಟು ಹೆಚ್ಚಿಸಿದರೆ ಶಾಖವೂ ಸರಿಸುಮಾರು ಅಷ್ಟೇ ಹೆಚ್ಚುತ್ತದೆ. ಆದರೆ ಹೆಚ್ಚಿದ ವೇಗದಲ್ಲಿ ಟ್ರಾನ್ಸಿಸ್ಟರುಗಳು ಸಕಾಲಕ್ಕೆ ಸ್ಪಂದಿಸಬೇಕಾದರೆ ಒಂದು ಹಂತದ ನಂತರ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಅದನ್ನೂ ಶೇ. 10ರಷ್ಟು ಏರಿಸಿದರೆ 1.1 × 1.1 × 1.1, ಅಂದರೆ ಶಾಖ ಶೇ. 33ರಷ್ಟು ಅಧಿಕ! ಸಾಲದೆಂಬಂತೆ, ಚಿಪ್ ಬಿಸಿಯಾದಷ್ಟೂ ಟ್ರಾನ್ಸಿಸ್ಟರುಗಳಲ್ಲಿ ವಿದ್ಯುತ್ ಸೋರಿಕೆ ಹೆಚ್ಚಿ, ಆ ಸೋರಿಕೆ ಮತ್ತಷ್ಟು ಬಿಸಿಗೆ ಕಾರಣವಾಗುತ್ತದೆ.

ಮಿತಿ ಎಂದರೆ ಗುರಿಯಲ್ಲ

ಹಿಂದೆ ತಣಿಸುವ ವ್ಯವಸ್ಥೆ ಕೈಕೊಟ್ಟರೆ ಪ್ರೊಸೆಸರ್ ಅಕ್ಷರಶಃ ಸುಟ್ಟುಹೋಗುತ್ತಿತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ನಡೆಸಿದ ಪ್ರಯೋಗವೊಂದರಲ್ಲಿ, ಓಡುತ್ತಿರುವ ಕಂಪ್ಯೂಟರಿನಿಂದ ಹೀಟ್‌ಸಿಂಕನ್ನೇ ಕಿತ್ತು ನೋಡಲಾಯಿತು. ಎಎಂಡಿ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ನಾಶವಾದರೆ, ಇಂಟೆಲ್ ಪೆಂಟಿಯಂ 4 ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕುಳಿಯಿತು. ಇಂದಿನ ಪ್ರೊಸೆಸರುಗಳಲ್ಲೆಲ್ಲ ಇಂತಹ ರಕ್ಷಣೆಯಿದೆ. ಮಿತಿ ಮುಟ್ಟಿದೊಡನೆ ವೇಗ ಇಳಿಯುತ್ತದೆ. ಅದನ್ನೂ ಮೀರಿದರೆ ಯಂತ್ರವೇ ಸ್ಥಗಿತಗೊಳ್ಳುತ್ತದೆ.

ಆ ಮಿತಿ ಒಂದೊಂದು ಚಿಪ್‌ಗೆ ಒಂದೊಂದು. ಇಂಟೆಲ್ ಕೋರ್ ಐ9-13900ಕೆಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಝನ್ 9 7950ಎಕ್ಸ್‌ಗೆ 95 ಡಿಗ್ರಿ, ಹೆಚ್ಚುವರಿ ಕ್ಯಾಷ್ ಮೆಮೊರಿಯ ಪದರ ಹೊಂದಿರುವ ರೈಝನ್ 7 7800ಎಕ್ಸ್3ಡಿಗೆ 89 ಡಿಗ್ರಿ. 2022ರಲ್ಲಿ ರೈಝನ್ 7000 ಸರಣಿ ಬಂದಾಗ, ಭಾರೀ ಕೆಲಸದ ವೇಳೆ 95 ಡಿಗ್ರಿ ತಲುಪುವುದು ವಿನ್ಯಾಸದ ಭಾಗವೇ ಎಂದು ಎಎಂಡಿ ಸ್ಪಷ್ಟಪಡಿಸಿತ್ತು.

ಹಾಗಾದರೆ ಓವರ್‌ಕ್ಲಾಕ್ ಮಾಡಿದ ಚಿಪ್ 95 ಡಿಗ್ರಿಯಲ್ಲಿ ಓಡಿದರೂ ಚಿಂತೆಯಿಲ್ಲವೇ? ಇಲ್ಲಿಯೇ ಹಲವರು ಎಡವುವುದು. ಮೂಲ ಸ್ಥಿತಿಯಲ್ಲಿ ಬಿಸಿ ಏರಿದಂತೆ ಚಿಪ್ ತನ್ನ ವೋಲ್ಟೇಜನ್ನೂ ವೇಗವನ್ನೂ ಕ್ಷಣಕ್ಷಣಕ್ಕೆ ಹೊಂದಿಸಿಕೊಳ್ಳುತ್ತಿರುತ್ತದೆ. ಬಳಕೆದಾರನೇ ಹೆಚ್ಚಿನ ವೋಲ್ಟೇಜನ್ನು ಸ್ಥಿರವಾಗಿ ನಿಗದಿಪಡಿಸಿದಾಗ ಈ ಜಾಣ ಹೊಂದಾಣಿಕೆ ಬಹುಮಟ್ಟಿಗೆ ತಪ್ಪಿಹೋಗುತ್ತದೆ. ಹಾಗಾಗಿ ವೋಲ್ಟೇಜ್ ಏರಿಸಿದವರು ಸತತ ಭಾರದ ಕೆಲಸದಲ್ಲಿ ತಾಪಮಾನವನ್ನು ಮಿತಿಗಿಂತ 10ರಿಂದ 15 ಡಿಗ್ರಿ ಕೆಳಗೆ, ಅಂದರೆ ಹೆಚ್ಚಿನ ಚಿಪ್‌ಗಳಲ್ಲಿ 80-85 ಡಿಗ್ರಿಯೊಳಗೆ ಇರಿಸಿಕೊಳ್ಳುವುದು ವಿವೇಕ.

ಸುಡದಿದ್ದರೂ ಸವೆತ ತಪ್ಪದು

ರಕ್ಷಣಾ ವ್ಯವಸ್ಥೆ ತಡೆಯುವುದು ಹಠಾತ್ ಮರಣವನ್ನಷ್ಟೇ, ನಿಧಾನವಾದ ಸವೆತವನ್ನಲ್ಲ. ಚಿಪ್‌ನೊಳಗಿನ ಸೂಕ್ಷ್ಮ ಲೋಹದ ತಂತುಗಳಲ್ಲಿ ಪ್ರಬಲ ವಿದ್ಯುತ್ ಹರಿದಾಗ ಲೋಹದ ಪರಮಾಣುಗಳೇ ಮೆಲ್ಲನೆ ಸ್ಥಾನಪಲ್ಲಟಗೊಳ್ಳುತ್ತವೆ. ತಾಪಮಾನ ಏರಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಅಧಿಕ ವೋಲ್ಟೇಜಿನಿಂದ ಟ್ರಾನ್ಸಿಸ್ಟರುಗಳೂ ಬಳಲುತ್ತವೆ. ಪರಿಣಾಮವಾಗಿ, ನಿನ್ನೆ ಸಾಕಾಗುತ್ತಿದ್ದ ವೋಲ್ಟೇಜ್ ಅದೇ ವೇಗಕ್ಕೆ ನಾಳೆ ಸಾಲದಾಗುತ್ತದೆ.

ಇದು ಕೇವಲ ಪುಸ್ತಕದ ಮಾತಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದಿದ್ದರೂ ಪದೇ ಪದೇ ಕುಸಿಯುತ್ತಿದ್ದ ಪ್ರಕರಣ 2024ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅಧಿಕ ವೋಲ್ಟೇಜ್ ಮತ್ತು ತಾಪಮಾನದಿಂದ ಚಿಪ್‌ನ ಒಂದು ಭಾಗ ಸವೆಯುತ್ತಿರುವುದೇ ಕಾರಣವೆಂದು ಕಂಪನಿ ತಿಳಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಬಿಡುಗಡೆಯಾದ ಮೈಕ್ರೋಕೋಡ್, ಪ್ರೊಸೆಸರ್ 1.55 ವೋಲ್ಟ್‌ಗಿಂತ ಹೆಚ್ಚು ಕೇಳದಂತೆ ಕಡಿವಾಣ ಹಾಕಿತು. ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಆದರೆ ಅಷ್ಟರಲ್ಲೇ ಸವೆದಿದ್ದ ಚಿಪ್‌ಗಳನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದಾಗಿತ್ತು, ಬದಲಿಸುವುದೊಂದೇ ದಾರಿ. ತಯಾರಕರ ಲೆಕ್ಕವೇ ತಪ್ಪಬಹುದಾದರೆ, ಅಂದಾಜಿನ ಮೇಲೆ ವೋಲ್ಟೇಜ್ ಏರಿಸುವ ಬಳಕೆದಾರ ಇನ್ನೆಷ್ಟು ಎಚ್ಚರದಿಂದಿರಬೇಕು!

ಕಂಪ್ಯೂಟರ್ ಸ್ಥಗಿತಗೊಂಡರೆ ಕನಿಷ್ಠ ತೊಂದರೆಯಿದೆಯೆಂದು ತಿಳಿಯುತ್ತದೆ. ಅದಕ್ಕಿಂತ ಅಪಾಯಕಾರಿಯೆಂದರೆ ಯಂತ್ರ ಓಡುತ್ತಲೇ ತಪ್ಪು ಲೆಕ್ಕ ಮಾಡುವುದು. ಮದುವೆಯ ವಿಡಿಯೋ, ಅಂಗಡಿಯ ಲೆಕ್ಕಪತ್ರ, ವಿದ್ಯಾರ್ಥಿಯ ಪ್ರಾಜೆಕ್ಟ್ ಸದ್ದಿಲ್ಲದೆ ಕೆಟ್ಟಿರುವುದು ತಿಂಗಳುಗಳ ನಂತರ ಗೊತ್ತಾಗಬಹುದು.

ಕೋಣೆಯ ಬಿಸಿಯೂ ಲೆಕ್ಕಕ್ಕೆ

ಚಿಪ್‌ನ ಶಾಖ ಲೋಹದ ಮೇಲ್ಮುಚ್ಚಳ, ಥರ್ಮಲ್ ಪೇಸ್ಟ್, ಹೀಟ್‌ಸಿಂಕ್, ಕ್ಯಾಬಿನೆಟ್ಟಿನ ಗಾಳಿ, ಕೊನೆಗೆ ಕೋಣೆಯ ಗಾಳಿ ಎಂಬ ಕ್ರಮದಲ್ಲಿ ಹೊರಹೋಗುತ್ತದೆ. ಈ ಸರಪಳಿಯ ಒಂದು ಕೊಂಡಿ ದುರ್ಬಲವಾದರೂ ಉಳಿದದ್ದೆಲ್ಲ ವ್ಯರ್ಥ. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಸೂಕ್ಷ್ಮ ಸಂದುಗಳನ್ನು ತುಂಬಲು ಮಾತ್ರ. ದಪ್ಪಗೆ ಬಳಿದರೆ ಪ್ರಯೋಜನವಿಲ್ಲ.

ಪ್ರತಿ ವ್ಯಾಟ್ ಶಾಖಕ್ಕೆ 0.2 ಡಿಗ್ರಿ ಏರಿಕೆ ಕಾಣುವ ಒಂದು ಕೂಲರ್ ಇದೆಯೆನ್ನಿ. ಪ್ರೊಸೆಸರ್ 150 ವ್ಯಾಟ್ ಹೊರಸೂಸಿದರೆ ಅದರ ಮೇಲ್ಮುಚ್ಚಳ ಸುತ್ತಲಿನ ಗಾಳಿಗಿಂತ 30 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಅದು 55 ಡಿಗ್ರಿ. 40 ಡಿಗ್ರಿಯ ಕೋಣೆಯಲ್ಲಿ 70. ಒಳಗಿನ ಕೋರ್‌ಗಳು ಇದಕ್ಕಿಂತಲೂ ಬಿಸಿ. ಹೀಗಾಗಿ ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ಹೊಂದಿಸಿದ ಓವರ್‌ಕ್ಲಾಕ್, ಹೊರಗಿನ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ ಅಥವಾ ರಾಯಚೂರಿನ ಬೇಸಿಗೆಯ ಮಧ್ಯಾಹ್ನಕ್ಕೆ ಒಗ್ಗಲಾರದು.

ವಾಟರ್ ಕೂಲಿಂಗ್ ಅಳವಡಿಸಿದರೂ ಈ ನಿಯಮ ಬದಲಾಗದು. ನೀರು ಶಾಖವನ್ನು ದೊಡ್ಡ ರೇಡಿಯೇಟರಿಗೆ ಸಾಗಿಸುತ್ತದೆಯೇ ಹೊರತು ಕೋಣೆಗಿಂತ ತಣ್ಣಗಾಗಿಸುವುದಿಲ್ಲ. 2011ರಲ್ಲಿ ಎಎಂಡಿ ಎಫ್ಎಕ್ಸ್-8150 ಚಿಪ್ ದ್ರವ ಹೀಲಿಯಂನ ನೆರವಿನಿಂದ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಬರೆದದ್ದೇನೋ ನಿಜ. ಆದರೆ ಅಂತಹ ಸಾಹಸಗಳು ಪ್ರದರ್ಶನಕ್ಕೆ ಸೀಮಿತ. ಕೋಣೆಗಿಂತ ತಣ್ಣಗಾದ ಭಾಗಗಳ ಮೇಲೆ ಗಾಳಿಯ ತೇವ ಹನಿಗಟ್ಟಿ ಮದರ್‌ಬೋರ್ಡಿಗೆ ಕುತ್ತು ತರುತ್ತದೆ. ಮಂಗಳೂರಿನಂತಹ ಕರಾವಳಿಯ ಹವೆಯಲ್ಲಂತೂ ಈ ಅಪಾಯ ಹೆಚ್ಚು.

ಕೈಹಾಕುವವರು ಗಮನಿಸಬೇಕಾದದ್ದು

* ಮೊದಲು ಮೂಲ ಸ್ಥಿತಿಯಲ್ಲೇ ಪೂರ್ಣ ಭಾರ ಹೇರಿ ತಾಪಮಾನ ಅಳೆಯಿರಿ. ಆಗಲೇ ಮಿತಿ ಮುಟ್ಟುತ್ತಿದ್ದರೆ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ.
* ವೋಲ್ಟೇಜ್ ಮುಟ್ಟದೆ, ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಹಂತಹಂತವಾಗಿ ಏರಿಸಿ. ಪ್ರತಿ ಹಂತದಲ್ಲೂ ಪರೀಕ್ಷಿಸಿ.
* ಅಂತಿಮ ಪರೀಕ್ಷೆಯನ್ನು ದಿನದ ಅತಿ ಬಿಸಿಯ ಹೊತ್ತಿನಲ್ಲಿ ಕೆಲವು ಗಂಟೆಗಳ ಕಾಲ ನಡೆಸಿ.
* ಫ್ಯಾನ್ ಮತ್ತು ಹೀಟ್‌ಸಿಂಕಿನ ಧೂಳನ್ನು ಆಗಾಗ ತೆಗೆಯಿರಿ.
* ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸದೆಂಬುದನ್ನು ಮರೆಯದಿರಿ.

ಇಂದಿನ ಪ್ರೊಸೆಸರುಗಳು ಬಿಸಿ ಮತ್ತು ವಿದ್ಯುತ್ತಿನ ಮಿತಿಯೊಳಗೆ ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುವುದರಿಂದ, ಸೆಲೆರಾನ್ ಕಾಲದಂತೆ ಶೇ. 50ರಷ್ಟು ವೇಗ ಪುಕ್ಕಟೆಯಾಗಿ ದಕ್ಕುವ ದಿನಗಳು ಮುಗಿದಿವೆ. ಬದಲಿಗೆ ವೋಲ್ಟೇಜನ್ನು ಎಚ್ಚರದಿಂದ ಶೇ. 5ರಷ್ಟು ತಗ್ಗಿಸಿ ನೋಡಬಹುದು. ಯಂತ್ರ ಸ್ಥಿರವಾಗಿ ಓಡಿದರೆ ಅದೇ ವರ್ಗದ ನಿಯಮದಂತೆ ಶಾಖ ಸುಮಾರು ಶೇ. 10ರಷ್ಟು ಇಳಿಯುತ್ತದೆ, ತಣ್ಣಗಾದ ಚಿಪ್ ತಾನಾಗಿಯೇ ಹೆಚ್ಚು ಹೊತ್ತು ಗರಿಷ್ಠ ವೇಗದಲ್ಲಿ ಓಡುತ್ತದೆ. ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರನ್ನೇ ನೆಚ್ಚಿಕೊಂಡವರಿಗೆ ಇದೇ ಲಾಭದ ದಾರಿ.